ಪೈನ್ ಸೌದೆಯ ಮೇಲಿನ ಅಪವಾದ

ಮಾನ್ಯ ಸಂಪಾದಕರೇ,

ಉರುವಲಿನ ಆಯ್ಕೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪೈನ್ ಮರದ ಕಟ್ಟಿಗೆಯನ್ನು ಮನೆಯೊಳಗಿನ ಒಲೆಗೆ ಹಾಕಲೇಬಾರದು, ಅದರ ರಾಳ ಹೊಗೆಕೊಳವೆಯ ಒಳಗೋಡೆಗೆ ಮೆತ್ತಿಕೊಂಡು ಒಂದು ದಿನ ಬೆಂಕಿ ಹತ್ತಿಸುತ್ತದೆ ಎಂದು ಅದರಲ್ಲಿ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟು ಮುಂದೆ ಸಾಗಲಾಗಿದೆ. ಸೌದೆ ಉರಿಸುವವರ ನಡುವೆ ಬಹಳ ಕಾಲದಿಂದ ಬಾಯಿಂದ ಬಾಯಿಗೆ ದಾಟಿ ಬಂದಿರುವ ಈ ಮಾತನ್ನು ಪತ್ರಿಕೆಯೂ ಹಾಗೆಯೇ ಅಚ್ಚು ಹಾಕಿದರೆ ಎರಡು ಬಗೆಯ ನಷ್ಟವಾಗುತ್ತದೆ. ಒಳ್ಳೆಯ ಉರುವಲೊಂದು ಕಾಡಿನಲ್ಲೋ ಮರ ಕೊಯ್ಯುವ ಕಾರ್ಖಾನೆಯ ಹಿತ್ತಲಲ್ಲೋ ಕೊಳೆತುಹೋಗುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಪೈನ್ ಬಿಟ್ಟು ಬೇರೆ ಯಾವ ಸೌದೆಯನ್ನು ಹೇಗೆ ಉರಿಸಿದರೂ ತೊಂದರೆಯಿಲ್ಲ ಎಂಬ ಭಾವನೆ ಓದುಗರಲ್ಲಿ ಬೇರೂರುತ್ತದೆ. ಸೌದೆ ಒಲೆಯನ್ನು ನಿತ್ಯ ಬಳಸುವ ಮತ್ತು ಈ ವಿಷಯವನ್ನು ಸಾಕಷ್ಟು ಓದಿ ತಿಳಿದುಕೊಂಡಿರುವ ಓದುಗರಲ್ಲಿ ಒಬ್ಬರಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಶಾಖದ ಲೆಕ್ಕ. ಪೂರ್ತಿ ಒಣಗಿದ ಒಂದು ಕಿಲೋ ಕಟ್ಟಿಗೆ, ಅದು ಯಾವ ಮರದ್ದಾದರೂ, ಸುಮಾರು 18ರಿಂದ 20 ಮೆಗಾಜೂಲ್‌ನಷ್ಟು ಶಾಖ ಕೊಡುತ್ತದೆ. ಇದರಲ್ಲಿ ಪೈನ್ ಜಾತಿಯ ಮರಗಳು ಹಿಂದೆ ಬೀಳುವುದಿಲ್ಲ, ಒಂದು ಕೈ ಮುಂದೆಯೇ ಇರುತ್ತವೆ. ಅವುಗಳಲ್ಲಿ ಲಿಗ್ನಿನ್ ಎಂಬ ಅಂಶ ಎಲೆಯುದುರುವ ಗಟ್ಟಿಮರಗಳಿಗಿಂತ ಹೆಚ್ಚು, ಜೊತೆಗೆ ರಾಳವೂ ಇದೆ, ಎರಡೂ ಚೆನ್ನಾಗಿ ಉರಿಯುವಂಥವು. ಹಾಗಾದರೆ ಪೈನ್ ಸೌದೆ ಬೇಗ ಮುಗಿದುಹೋಗುತ್ತದೆ ಎಂಬ ದೂರು ಏಕೆ ಬಂತು ಎಂದರೆ, ನಾವು ಸೌದೆಯನ್ನು ಕೊಳ್ಳುವುದೂ ಒಲೆಗೆ ತುಂಬುವುದೂ ಗಾತ್ರದ ಲೆಕ್ಕದಲ್ಲಿ. ಯುರೋಪಿನ ಸಾಮಾನ್ಯ ಪೈನ್ ಒಣಗಿದಾಗ ಒಂದು ಘನ ಮೀಟರಿಗೆ ಸುಮಾರು 500 ಕಿಲೋ ತೂಗಿದರೆ ಓಕ್ ಸುಮಾರು 700 ಕಿಲೋ ತೂಗುತ್ತದೆ. ಹೀಗಾಗಿ ಅದೇ ಒಲೆಯನ್ನು ಅಷ್ಟೇ ತುಂಬಿದರೂ ಪೈನ್‌ನಿಂದ ಸಿಗುವ ಒಟ್ಟು ಶಾಖ ಓಕ್‌ನ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ. ಪೈನ್‌ನ ನಿಜವಾದ ಕೊರತೆ ಇದು, ಇದನ್ನು ಮುಚ್ಚಿಡಬೇಕಾಗಿಲ್ಲ. ಪೈನ್ ನೆಚ್ಚಿಕೊಂಡವರು ಹೆಚ್ಚು ಸೌದೆ ಒಟ್ಟಬೇಕು, ಅದಕ್ಕೆ ಹೆಚ್ಚು ಜಾಗ ಬೇಕು, ಒಲೆಯ ಬಾಗಿಲನ್ನು ಹೆಚ್ಚು ಸಲ ತೆರೆಯಬೇಕು.

ಆದರೆ ಪೈನ್ ಎಂಬುದು ಒಂದೇ ಮರವಲ್ಲ. ಆ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಉತ್ತರ ಅಮೆರಿಕದ ಬಿಳಿ ಪೈನ್ ಘನ ಮೀಟರಿಗೆ 400 ಕಿಲೋದ ಆಸುಪಾಸಿನಲ್ಲಿದ್ದರೆ, ಅದೇ ಖಂಡದ ಉದ್ದೆಲೆ ಪೈನ್ 650 ಕಿಲೋದ ಹತ್ತಿರ ತೂಗುತ್ತದೆ. ಗಟ್ಟಿಮರಗಳ ಪಟ್ಟಿಯಲ್ಲಿ ಸೇರಿಸಲಾಗುವ ಪಾಪ್ಲರ್‌ಗಿಂತ ಈ ಎರಡನೆಯದು ಬಹಳ ಭಾರ. ಆದ್ದರಿಂದ ಪೈನ್ ಸೌದೆ ಹಗುರವೆಂದು ಹೇಳುವವರು ಯಾವ ಪೈನ್ ಎಂಬುದನ್ನೂ ಹೇಳಬೇಕಾಗುತ್ತದೆ.

ಇನ್ನು ತೇವಾಂಶದ ಮಾತು. ನನ್ನ ತಿಳಿವಳಿಕೆಯಲ್ಲಿ ಇಡೀ ಚರ್ಚೆ ನಿಲ್ಲಬೇಕಾದ್ದು ಇಲ್ಲಿಯೇ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನೀರೇ ಇರುತ್ತದೆ. ಆ ನೀರು ಆವಿಯಾಗಿ ಹೋಗುವ ತನಕ ಕಟ್ಟಿಗೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರುವುದಿಲ್ಲ; ಒಂದು ಕಿಲೋ ನೀರನ್ನು ಆವಿಯಾಗಿಸಲು ಎರಡೂವರೆ ಮೆಗಾಜೂಲ್‌ನಷ್ಟು ಶಾಖ ವ್ಯರ್ಥವಾಗಿ ಖರ್ಚಾಗುತ್ತದೆ. ಅರ್ಧ ಪಾಲು ನೀರಿರುವ ಒಂದು ಕಿಲೋ ಹಸಿ ಸೌದೆಯಿಂದ ಕೈಗೆ ಸಿಗುವ ಶಾಖ ಸುಮಾರು 8 ಮೆಗಾಜೂಲ್ ಮಾತ್ರ. ಅದೇ ಒಂದು ಕಿಲೋ ಸೌದೆಯಲ್ಲಿ ನೀರು ಶೇಕಡಾ 20ಕ್ಕೆ ಇಳಿದಿದ್ದರೆ ಸಿಗುವುದು ಸುಮಾರು 15. ಓಕ್‌ಗೂ ಪೈನ್‌ಗೂ ಕಿಲೋ ಲೆಕ್ಕದಲ್ಲಿ ಇರುವ ವ್ಯತ್ಯಾಸ ಈ ವ್ಯತ್ಯಾಸದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಹಸಿ ಓಕ್ ಉರಿಸುವವರಿಗಿಂತ ಒಣ ಪೈನ್ ಉರಿಸುವವರ ಮನೆ ಹೆಚ್ಚು ಬೆಚ್ಚಗಿರುತ್ತದೆ, ಅವರ ಹೊಗೆಕೊಳವೆಯೂ ಹೆಚ್ಚು ಶುಚಿಯಾಗಿರುತ್ತದೆ.

ತೇವಾಂಶ ಅಳೆಯುವ ಸಣ್ಣ ಮಾಪಕಗಳು ಈಗ ಸುಲಭವಾಗಿ ಸಿಗುತ್ತವೆ, ಆದರೆ ಬಳಸುವ ಕ್ರಮ ತಿಳಿದಿರಬೇಕು. ಸೌದೆಯ ಹೊರಮೈಗೆ ಮುಳ್ಳು ಚುಚ್ಚಿ ನೋಡಿದರೆ ಅಂಕಿ ಯಾವಾಗಲೂ ಸಮಾಧಾನಕರವಾಗಿಯೇ ಬರುತ್ತದೆ, ಏಕೆಂದರೆ ಹೊರಮೈ ಬೇಗ ಒಣಗಿರುತ್ತದೆ. ತುಂಡನ್ನು ಆಗಲೇ ಸೀಳಿ, ಸೀಳಿದ ಒಳಮೈಯ ನಡುಭಾಗದಲ್ಲಿ, ಎಳೆಯ ಗುಂಟ ಚುಚ್ಚಿ ನೋಡಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಉರುವಲಿನ ನಿಯಮಗಳಲ್ಲಿ ತೇವಾಂಶವನ್ನು ಸೌದೆಯ ಒಟ್ಟು ತೂಕಕ್ಕೆ ಹೋಲಿಸಿ ಹೇಳುವುದು ರೂಢಿ. ಮಾಪಕಗಳಲ್ಲಿ ಅನೇಕವು ನೀರನ್ನು ಒಣ ಮರದ ತೂಕಕ್ಕೆ ಹೋಲಿಸಿ ತೋರಿಸುತ್ತವೆ. ಒಟ್ಟು ತೂಕದ ಲೆಕ್ಕದಲ್ಲಿ ಶೇಕಡಾ 20 ಎಂದರೆ ಒಣ ಮರದ ಲೆಕ್ಕದಲ್ಲಿ ಶೇಕಡಾ 25. ಮಾರುವವರೂ ಕೊಳ್ಳುವವರೂ ಬೇರೆ ಬೇರೆ ಲೆಕ್ಕ ಹಿಡಿದು ಜಗಳವಾಡುವುದಕ್ಕೆ ಈ ಗೊಂದಲವೇ ಎಷ್ಟೋ ಸಲ ಕಾರಣ. ಮಾಪಕವಿಲ್ಲದವರಿಗೂ ದಾರಿಯಿದೆ. ಒಣಗಿದ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಖಣ್ಣೆಂಬ ಸದ್ದು ಬರುತ್ತದೆ, ಹಸಿಯಾದರೆ ದಪ್ಪೆಂದು ಮೊಂಡು ಸದ್ದು. ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಬಿರುಕುಗಳು ಬಿಟ್ಟಿರುತ್ತವೆ, ತೊಗಟೆ ಕೈಯಿಂದ ಎಳೆದರೆ ಬಿಟ್ಟುಕೊಳ್ಳುತ್ತದೆ. ಒಲೆಗೆ ಹಾಕಿದ ತುಂಡಿನ ತುದಿಯಿಂದ ನೊರೆ ಉಕ್ಕಿ ಸುಯ್ಯೆಂಬ ಸದ್ದು ಕೇಳಿಬಂದರೆ ಅದನ್ನು ಇನ್ನಷ್ಟು ತಿಂಗಳು ಸೌದೆಯ ರಾಶಿಯಲ್ಲೇ ಒಣಗಲು ಬಿಡಬೇಕಿತ್ತೆಂದು ಅರ್ಥ.

ಪೈನ್‌ನ ದೊಡ್ಡ ಗುಣ ಈ ವಿಷಯದಲ್ಲೇ ಕಾಣುತ್ತದೆ. ಅದು ಬೇಗ ಒಣಗುವ ಮರ. ಸೀಳಿ, ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ ಒಟ್ಟಿ, ಮೇಲೆ ಮಾತ್ರ ಹೊದಿಕೆ ಹಾಕಿ, ಪಕ್ಕಗಳನ್ನು ಗಾಳಿಗೆ ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಅದು ಒಲೆಗೆ ಸಿದ್ಧವಾಗುತ್ತದೆ. ಓಕ್‌ನಂಥ ಮರಕ್ಕೆ ಎರಡು ವರ್ಷ ಬೇಕಾಗುವುದು ಸಾಮಾನ್ಯ. ಆದರೆ ಇಡೀ ಕೊರಡನ್ನು ತೊಗಟೆಸಹಿತ ನೆಲದ ಮೇಲೆ ಉರುಳಿಸಿ ಬಿಟ್ಟರೆ ಪೈನ್ ಒಣಗುವುದಕ್ಕೆ ಮೊದಲೇ ಬೂಷ್ಟು ಹಿಡಿದು ಮೆತ್ತಗಾಗುತ್ತದೆ. ಒಟ್ಟನ್ನು ಸುತ್ತಲೂ ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಮುಚ್ಚುವುದೂ ಅಷ್ಟೇ ಕೆಟ್ಟದ್ದು. ಒಳಗಿನ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಸೌದೆ ಬೆವರುತ್ತಾ ಕೂರುತ್ತದೆ. ಜೀರುಂಡೆಯ ಕಾಟದಿಂದ ನಿಂತಲ್ಲೇ ಸತ್ತು ಒಣಗಿದ ಪೈನ್ ಮರಗಳ ಕಟ್ಟಿಗೆಯಲ್ಲಿ ನೀಲಿ ಕಲೆ ಕಾಣುವುದುಂಟು. ಅದು ಒಂದು ಬಗೆಯ ಶಿಲೀಂಧ್ರದ ಬಣ್ಣ. ಮರ ಗಟ್ಟಿಯಾಗಿರುವ ತನಕ ಶಾಖಕ್ಕೆ ಅದರಿಂದ ಹೇಳಿಕೊಳ್ಳುವಂಥ ಕೊರತೆಯಾಗುವುದಿಲ್ಲ.

ಈಗ ಮುಖ್ಯ ಆರೋಪಕ್ಕೆ ಬರುತ್ತೇನೆ. ಹೊಗೆಕೊಳವೆಯ ಒಳಗೆ ಕಟ್ಟಿಕೊಳ್ಳುವ ಕಪ್ಪು ಪದಾರ್ಥಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಮೊದಮೊದಲು ಅದು ಪುಡಿಮಸಿಯಂತಿರುತ್ತದೆ, ಬೆರಳಿಟ್ಟರೆ ಉದುರುತ್ತದೆ, ಬಿಟ್ಟಂತೆಲ್ಲ ಹಕ್ಕಳೆಗಟ್ಟುತ್ತದೆ, ಕೊನೆಗೆ ಡಾಂಬರು ಬಳಿದಂತೆ ಹೊಳೆಯುವ ಗಟ್ಟಿ ಪದರವಾಗುತ್ತದೆ, ಆಗ ಕುಂಚಕ್ಕೂ ಬಗ್ಗುವುದಿಲ್ಲ. ಇದು ಹುಟ್ಟುವ ಬಗೆಯನ್ನು ಗಮನಿಸಬೇಕು. ಒಣ ಕಟ್ಟಿಗೆಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಕಾದಾಗ ಅನಿಲವಾಗಿ ಹೊರಡುತ್ತದೆ, ಉಳಿದದ್ದು ಇದ್ದಿಲಾಗುತ್ತದೆ. ಆ ಅನಿಲಗಳು ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ 600 ಡಿಗ್ರಿಗೂ ಮೇಲ್ಪಟ್ಟ ಉಷ್ಣತೆ ಬೇಕು, ಸಾಕಷ್ಟು ಗಾಳಿ ಬೇಕು. ಇವೆರಡರಲ್ಲಿ ಒಂದು ಕಡಿಮೆಯಾದರೂ ಅನಿಲ ಅರೆಬೆಂದು ಹೊಗೆಯಾಗಿ ಮೇಲೇರುತ್ತದೆ. ಕೊಳವೆಯ ಗೋಡೆ ಸುಮಾರು 120 ಡಿಗ್ರಿಗಿಂತ ತಣ್ಣಗಿದ್ದರೆ ನೀರಾವಿಯ ಜೊತೆ ಅಲ್ಲಿಯೇ ಹನಿಗಟ್ಟಿ ಅಂಟಿಕೊಳ್ಳುತ್ತದೆ. ಹೀಗೆ ಅರೆಬೆಂದು ಹೊರಡುವ ಅನಿಲ ಮರದ ನಾರಿನಿಂದಲೂ ಲಿಗ್ನಿನ್‌ನಿಂದಲೂ ಬರುವಂಥದ್ದು. ಅದು ಪ್ರತಿಯೊಂದು ಮರದಲ್ಲೂ ಇದೆ, ರಾಳವೇ ಇಲ್ಲದ ಮರದಲ್ಲೂ ಇದೆ. ಹಸಿ ಓಕ್ ಅನ್ನು ಗಾಳಿ ಮುಚ್ಚಿ ರಾತ್ರಿಯೆಲ್ಲ ಹೊಗೆಯಾಡಿಸಿದವರ ಕೊಳವೆಯಲ್ಲಿ ಕಟ್ಟುವ ಕ್ರಿಯೋಸೋಟ್, ಒಣ ಪೈನ್ ಅನ್ನು ಧಗಧಗನೆ ಉರಿಸಿದವರ ಕೊಳವೆಯಲ್ಲಿ ಕಟ್ಟುವುದಿಲ್ಲ.

ಪೈನ್ ಒಣಗಿದರೆ ರಾಳವೂ ಹೋಗಿಬಿಡುತ್ತದೆ ಎಂದು ಅದರ ಪರವಾಗಿ ಮಾತಾಡುವವರು ಕೆಲವೊಮ್ಮೆ ಹೇಳುವುದನ್ನು ಕೇಳಿದ್ದೇನೆ. ಅದೂ ಸರಿಯಲ್ಲ. ರಾಳದಲ್ಲಿ ಹಾರಿಹೋಗುವ ಟರ್ಪೆಂಟೈನ್ ಅಂಶ ಸ್ವಲ್ಪ ಕಡಿಮೆಯಾಗಬಹುದು, ಗಟ್ಟಿಯಾದ ಅಂಶ ಕಟ್ಟಿಗೆಯಲ್ಲೇ ಉಳಿಯುತ್ತದೆ. ಅದು ಉಳಿದರೆ ತೊಂದರೆಯಿಲ್ಲ ಎನ್ನುವುದೇ ನನ್ನ ಮಾತು; ಚೆನ್ನಾಗಿ ಕಾದ ಒಲೆಯಲ್ಲಿ, ಬೇಕಾದಷ್ಟು ಗಾಳಿಯಿದ್ದಾಗ, ರಾಳವು ಕಟ್ಟಿಗೆಯ ಉಳಿದ ಅಂಶಗಳಿಗಿಂತ ಹೆಚ್ಚು ಶಾಖ ಕೊಟ್ಟು ಪೂರ್ತಿ ಉರಿದುಹೋಗುತ್ತದೆ.

ಹಾಗಿದ್ದೂ ಪೈನ್‌ಗೆ ಈ ಕೆಟ್ಟ ಹೆಸರು ಬರಲು ಕಾರಣವಾದ ಒಂದು ಬಳಕೆಯ ತಪ್ಪಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೈನ್ ಬೇಗ ಹತ್ತಿಕೊಳ್ಳುವ, ಒಮ್ಮೆಲೇ ಬಹಳಷ್ಟು ಅನಿಲ ಬಿಡುವ ಕಟ್ಟಿಗೆ. ಗಟ್ಟಿಮರಕ್ಕೆ ಒಗ್ಗಿಕೊಂಡವರು ಒಲೆಯ ಬಾಯಿತುಂಬ ಪೈನ್ ತುರುಕುತ್ತಾರೆ. ಕೆಲವೇ ನಿಮಿಷಗಳಲ್ಲಿ ಜ್ವಾಲೆ ಆರ್ಭಟಿಸುತ್ತದೆ, ಒಲೆಯ ಮೈ ಕೆಂಪಗಾಗುವಷ್ಟು ಕಾಯುತ್ತದೆ. ಗಾಬರಿಯಾಗಿ ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚುತ್ತಾರೆ. ಕಟ್ಟಿಗೆ ಆಗಲೇ ಕಾದಿದೆ, ಅನಿಲ ಹೊರಡುವುದು ನಿಲ್ಲುವುದಿಲ್ಲ, ಉರಿಯಲು ಗಾಳಿ ಮಾತ್ರ ಇಲ್ಲ. ಒಲೆಯ ಗಾಜು ನೋಡುತ್ತಿದ್ದಂತೆಯೇ ಕಂದಾಗಿ ಕಪ್ಪಾಗುತ್ತದೆ, ಹೊರಗೆ ಕೊಳವೆಯ ತುದಿಯಿಂದ ದಟ್ಟ ಹೊಗೆ ಹೊರಳುತ್ತದೆ. ಅಂಥ ಒಂದೊಂದು ಸಂಜೆಯೂ ಕೊಳವೆಗೆ ಒಂದೊಂದು ಪದರ ಬಳಿಯುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಒಂದು ಸಲಕ್ಕೆ ಎರಡೋ ಮೂರೋ ತುಂಡು ಸಾಕು. ಗಟ್ಟಿಮರಕ್ಕಿಂತ ಸ್ವಲ್ಪ ದಪ್ಪಗೆ ಸೀಳಿಕೊಂಡರೆ ಉರಿ ನಿಧಾನವಾಗುತ್ತದೆ. ಜ್ವಾಲೆ ಹಳದಿಯಾಗಿ ಚುರುಕಾಗಿ ಆಡುತ್ತಿರುವ ತನಕ ಗಾಳಿಯನ್ನು ಪೂರ್ತಿ ಮುಚ್ಚಬಾರದು. ರಾತ್ರಿಯಿಡೀ ಬೆಂಕಿ ಆರದಿರಲಿ ಎಂದು ಗಾಳಿ ಕಟ್ಟಿ ಮಲಗುವ ಅಭ್ಯಾಸ ಯಾವ ಸೌದೆಗೂ ಒಳ್ಳೆಯದಲ್ಲ, ಪೈನ್‌ಗಂತೂ ಅದು ಒಗ್ಗುವುದೇ ಇಲ್ಲ. ಫಿನ್ಲೆಂಡ್ ಮತ್ತು ರಷ್ಯಾದ ಕಡೆ ಇಟ್ಟಿಗೆ, ಕಲ್ಲುಗಳಿಂದ ಕಟ್ಟುವ ಭಾರೀ ಒಲೆಗಳಲ್ಲಿ ಸೌದೆಯನ್ನು ಜೋರಾಗಿ ಬೇಗ ಉರಿಸಿ ಮುಗಿಸಿ, ಆ ಶಾಖವನ್ನು ಗೋಡೆಯಲ್ಲಿ ಹಿಡಿದಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆ ಮಾಡುತ್ತಾರೆ. ಪೈನ್‌ನ ಸ್ವಭಾವಕ್ಕೆ ಇಷ್ಟು ಹೊಂದುವ ಒಲೆ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮಾತ್ರಕ್ಕೆ ಕೊಳವೆಯ ಶುಚಿತ್ವವನ್ನು ಮರೆಯಬಹುದೆಂದಲ್ಲ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಅಗ್ನಿರಕ್ಷಣಾ ಮಾನದಂಡ ಹೊಗೆಕೊಳವೆಗಳನ್ನು ವರ್ಷಕ್ಕೆ ಕನಿಷ್ಠ ಒಮ್ಮೆ ತಪಾಸಣೆ ಮಾಡಬೇಕೆನ್ನುತ್ತದೆ, ಅದರಲ್ಲಿ ಇಂಥ ಮರದ ಸೌದೆಗೆ ವಿನಾಯಿತಿ ಎಂಬುದಿಲ್ಲ. ಕ್ರಿಯೋಸೋಟ್‌ಗೆ ಬೆಂಕಿ ಹತ್ತಿದರೆ ಕೊಳವೆಯೊಳಗಿನ ಉಷ್ಣತೆ 1000 ಡಿಗ್ರಿ ದಾಟಬಲ್ಲದು. ಆ ಶಾಖಕ್ಕೆ ಇಟ್ಟಿಗೆಯ ಸಂದುಗಳು ಬಿರಿದು ಮನೆಯ ಮರಮುಟ್ಟುಗಳಿಗೆ ಕಿಚ್ಚು ತಗುಲುತ್ತದೆ.

ಪೈನ್‌ನ ಮೇಲಿನ ಇನ್ನೊಂದು ದೂರು ಕಿಡಿಯದು, ಇದು ನೂರಕ್ಕೆ ನೂರು ನಿಜ. ಕಟ್ಟಿಗೆಯೊಳಗಿನ ರಾಳದ ಗೂಡುಗಳಲ್ಲಿ ಸಿಕ್ಕಿಕೊಂಡ ದ್ರವ ಕಾದು ಆವಿಯಾಗಿ ಹಿಗ್ಗಿದಾಗ ಮರ ಚಟಪಟನೆ ಸಿಡಿಯುತ್ತದೆ, ಉರಿಯುವ ಚೂರುಗಳು ದೂರಕ್ಕೆ ಹಾರುತ್ತವೆ. ಬಾಗಿಲು ಮುಚ್ಚಿದ ಕಬ್ಬಿಣದ ಒಲೆಯಲ್ಲಿ ಇದರಿಂದ ಏನೂ ಆಗುವುದಿಲ್ಲ. ಎದುರು ತೆರೆದಿರುವ ಅಗ್ಗಿಷ್ಟಿಕೆಯಲ್ಲಿ ಮಾತ್ರ ಪೈನ್ ಅನ್ನು ನಾನು ಒಪ್ಪುವುದಿಲ್ಲ. ಉರಿಸಲೇಬೇಕೆಂದರೆ ಮುಂದೆ ಲೋಹದ ಜಾಲರಿ ಇರಬೇಕು, ಹತ್ತಿರದಲ್ಲಿ ಚಾಪೆ ಕಂಬಳಿಗಳು ಇರಬಾರದು, ಬೆಂಕಿಯನ್ನು ಬಿಟ್ಟು ಎದ್ದು ಹೋಗಬಾರದು. ಹಾಗೆಯೇ ಒಣಗಿದ ಪೈನ್ ಸೂಜಿಯೆಲೆಗಳನ್ನೂ ಎಲೆತುಂಬಿದ ಕೊಂಬೆಗಳನ್ನೂ ಮನೆಯೊಳಗಿನ ಒಲೆಗೆ ತುಂಬುವುದು ಬೇಡ. ಅವು ಒಮ್ಮೆಗೇ ಭಗ್ಗೆಂದು ಹೊತ್ತಿ ಕಿಡಿಗಳನ್ನು ಕೊಳವೆಗೆ ಏರಿಸುತ್ತವೆ.

ಕೆಂಡದ ವಿಷಯದಲ್ಲೂ ಪೈನ್ ಗಟ್ಟಿಮರಕ್ಕೆ ಸಾಟಿಯಲ್ಲ. ಅದರ ಇದ್ದಿಲು ಹಗುರ, ಬೇಗ ಹತ್ತಿ ಬೇಗ ಆರುತ್ತದೆ. ಬೆಳಗಿನ ತನಕ ಬೂದಿಯಡಿ ಕೆಂಡ ಉಳಿಯಬೇಕೆಂದು ಬಯಸುವವರಿಗೆ ನಿರಾಸೆಯಾಗುತ್ತದೆ. ಆದರೆ ಈ ಗುಣವನ್ನೇ ಬೇಕೆಂದು ಆರಿಸಿಕೊಂಡವರೂ ಇದ್ದಾರೆ. ಜಪಾನಿನ ಖಡ್ಗ ತಯಾರಿಸುವ ಕಮ್ಮಾರರು ಕುಲುಮೆಗೆ ಪೈನ್ ಇದ್ದಿಲನ್ನೇ ಬಳಸುತ್ತಾರೆ, ತಿದಿಯ ಗಾಳಿ ಏರಿಸಿ ಇಳಿಸಿದಂತೆ ಅದರ ಉರಿಯೂ ತಕ್ಷಣ ಏರಿ ಇಳಿಯುತ್ತದೆ ಎಂಬ ಕಾರಣಕ್ಕೆ. ಅದೇ ದೇಶದ ಬಿಜೆನ್ ಪ್ರದೇಶದ ಕುಂಬಾರರು ತಮ್ಮ ಆವಿಗೆಗಳನ್ನು ದಿನಗಟ್ಟಲೆ ಕೆಂಪು ಪೈನ್ ಸೌದೆಯಿಂದ ಉರಿಸುತ್ತಾರೆ. ಪೈನ್‌ನ ಜ್ವಾಲೆ ಉದ್ದವಾಗಿ ಚಾಚಿ ಆವಿಗೆಯ ಕೊನೆಯ ತನಕ ಹರಿಯುತ್ತದೆ, ಅದರ ಬೂದಿ ಮಡಕೆಗಳ ಮೈಮೇಲೆ ಕೂತು ಕರಗಿ ಮೆರುಗಾಗುತ್ತದೆ. 1200 ಡಿಗ್ರಿಯ ಹತ್ತಿರ ಮಣ್ಣನ್ನು ಬೇಯಿಸಬಲ್ಲ ಸೌದೆಯನ್ನು ಉರುವಲಿಗೆ ನಾಲಾಯಕ್ಕು ಎಂದು ಕರೆಯುವುದು ಹೇಗೆ?

ಬೆಂಕಿ ಹೊತ್ತಿಸುವ ಕೆಲಸಕ್ಕಂತೂ ಪೈನ್‌ಗೆ ಎದುರಿಲ್ಲ. ಹಳೆಯ ಪೈನ್ ಮರದ ಬೊಡ್ಡೆಯಲ್ಲೂ ಕೊಂಬೆ ಕಾಂಡಕ್ಕೆ ಸೇರುವ ಗಂಟಿನಲ್ಲೂ ರಾಳ ತುಂಬಿಕೊಂಡು ಚೇಗು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಅದರ ಒಂದು ತೆಳು ಸೀಳನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಒಳಗಿನಿಂದ ತೂರಿ ಬರುತ್ತದೆ, ಬೆರಳಿಗೆ ಅಂಟು ಹತ್ತಿ ಟರ್ಪೆಂಟೈನ್ ವಾಸನೆ ಎಷ್ಟೋ ಹೊತ್ತು ಉಳಿಯುತ್ತದೆ. ಮಳೆಯಲ್ಲಿ ನೆನೆದಿದ್ದರೂ ಮೇಲಿನ ಪದರ ಕೆತ್ತಿ ಕಡ್ಡಿ ಗೀರಿದರೆ ಅದು ಹೊತ್ತಿಕೊಳ್ಳುತ್ತದೆ. ಇಂಥ ನಾಲ್ಕಾರು ಸಿಬಿರುಗಳಿದ್ದರೆ ಸೀಮೆಎಣ್ಣೆ ಸುರಿಯುವ ಅಪಾಯಕಾರಿ ಅಭ್ಯಾಸದ ಅಗತ್ಯವೇ ಬೀಳುವುದಿಲ್ಲ. ಪೈನ್‌ನಿಂದ ಹೊತ್ತಿಸಿ, ಒಲೆ ಕಾದ ಮೇಲೆ ಗಟ್ಟಿಮರ ಹಾಕುವುದು ಎರಡೂ ಸಿಗುವವರಿಗೆ ಒಳ್ಳೆಯ ಕ್ರಮ.

ಲೇಖನದಲ್ಲಿ ಎಚ್ಚರಿಕೆ ಕೊಡಲೇಬೇಕಿದ್ದ ಜಾಗ ಬೇರೊಂದಿತ್ತು, ಅಲ್ಲಿ ಒಂದು ಸಾಲೂ ಇಲ್ಲದ್ದು ನನಗೆ ಬೇಸರ ತಂದಿದೆ. ಅನೇಕರ ಕೈಗೆ ಪೈನ್ ಬರುವುದು ಕಾಡಿನಿಂದಲ್ಲ, ಹಳೆಯ ಪೆಟ್ಟಿಗೆ, ಸಾಗಣೆಯ ಹಲಗೆಚೌಕಟ್ಟು, ಬೇಲಿಗೂಟ, ಮುರಿದ ಪೀಠೋಪಕರಣಗಳ ರೂಪದಲ್ಲಿ. ಇವುಗಳಲ್ಲಿ ಕೆಲವು ನಿಜಕ್ಕೂ ವಿಷ. ಗೆದ್ದಲು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವನ್ನು ಒತ್ತಡದಲ್ಲಿ ಒಳಗಿಳಿಸಿದ ಮರವನ್ನು ಉರಿಸಿದರೆ ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಸೇರುತ್ತದೆ. ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ತಯಾರಕರು ಬಹುಮಟ್ಟಿಗೆ ಕೈಬಿಟ್ಟರಾದರೂ ಹಳೆಯ ಹಲಗೆಗಳು ಇನ್ನೂ ಉಳಿದಿವೆ. ಬಣ್ಣ, ವಾರ್ನಿಶ್, ಅಂಟು ಇರುವ ಹಲಗೆಗಳಿಗೂ ಇದೇ ಮಾತು. ಸಾಗಣೆಯ ಚೌಕಟ್ಟುಗಳ ಮೇಲೆ ಅಂತರರಾಷ್ಟ್ರೀಯ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಮರದ ತಿರುಳಿನ ತನಕ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಲಾಗಿದೆ ಎಂದರ್ಥ, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಲಾಗಿದೆ ಎಂದರ್ಥ. ಎರಡನೆಯ ಮುದ್ರೆಯದನ್ನು, ಹಾಗೆಯೇ ಏನೋ ಚೆಲ್ಲಿ ಕಲೆಯಾದದ್ದನ್ನು, ಒಲೆಯ ಹತ್ತಿರವೂ ತರಬಾರದು.

ಈ ಮುದ್ರೆಯ ನಿಯಮ ಹುಟ್ಟಿದ್ದು ಮರದ ಜೊತೆ ಪ್ರಯಾಣ ಮಾಡುವ ಕೀಟಗಳನ್ನು ತಡೆಯಲು. ಉತ್ತರ ಅಮೆರಿಕ ಮೂಲದ ಪೈನ್ ಜಂತುಹುಳು ಏಷ್ಯಾದ ಪೂರ್ವ ದೇಶಗಳನ್ನು ಹೊಕ್ಕು ಅಪಾರ ಪೈನ್ ಕಾಡುಗಳನ್ನು ಒಣಗಿಸಿತು, 1999ರಲ್ಲಿ ಪೋರ್ಚುಗಲ್‌ನಲ್ಲೂ ಪತ್ತೆಯಾಯಿತು. ತೊಗಟೆಯಿರುವ ಹಸಿ ಪೈನ್ ಸೌದೆಯನ್ನು ದೂರದೂರಕ್ಕೆ ಸಾಗಿಸದೆ, ಕಡಿದ ಸೀಮೆಯಲ್ಲೇ ಉರಿಸುವುದು ಕಾಡಿಗೂ ಕ್ಷೇಮ.

ಹೊಗೆಯ ಆರೋಗ್ಯದ ಪ್ರಶ್ನೆಯನ್ನು ಬಿಟ್ಟು ಸೌದೆಯ ಬಗ್ಗೆ ಮಾತಾಡುವಂತಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೊಳವೆಯಿಲ್ಲದ ಒಲೆಯ ಮುಂದೆ ಪೈನ್ ಆಗಲಿ ಬೇರೆ ಯಾವುದೇ ಸೌದೆಯಾಗಲಿ ಸುರಕ್ಷಿತವಲ್ಲ; ಬೇರೆ ಇಂಧನ ದೊರೆಯುವವರು ಅದನ್ನು ಬಳಸುವುದೇ ಮೇಲು. ಸೌದೆಯನ್ನೇ ಉರಿಸಬೇಕಾದವರಿಗೆ ಇಂಗ್ಲೆಂಡಿನ ನಿಯಮ ಒಂದು ಮಾದರಿಯಂತಿದೆ. 2021ರ ಮೇ ತಿಂಗಳಿಂದ ಅಲ್ಲಿ ಎರಡು ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇಕಡಾ 20ನ್ನು ಮೀರುವಂತಿಲ್ಲ. ಆ ಕಾನೂನು ಮರದ ಜಾತಿಯನ್ನು ಕೇಳುವುದಿಲ್ಲ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದೆ ಉರುವಲಿನ ಮರಗಳಿಗೆ ಅಂಕ ಕೊಟ್ಟ ಪಟ್ಟಿಗಳನ್ನು ಪ್ರಕಟಿಸುವಾಗ ಆ ಅಂಕ ತೂಕದ ಲೆಕ್ಕದ್ದೋ ಗಾತ್ರದ ಲೆಕ್ಕದ್ದೋ, ಎಷ್ಟು ತೇವಾಂಶದಲ್ಲಿ ಅಳೆದದ್ದು ಎಂಬುದನ್ನು ಪಟ್ಟಿಯ ಜೊತೆಯಲ್ಲೇ ಮುದ್ರಿಸಿ. ರಾಸಾಯನಿಕ ಹಾಕಿದ ಹಲಗೆಗಳನ್ನು ಉರಿಸುವ ಅಪಾಯದ ಬಗ್ಗೆ ತಜ್ಞರಿಂದ ಪ್ರತ್ಯೇಕ ಲೇಖನವೊಂದನ್ನು ಬರೆಸಿ, ಚಳಿಗಾಲ ಆರಂಭವಾಗುವ ಮೊದಲೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ನಿತ್ಯದ ಓದುಗರಲ್ಲಿ ಒಬ್ಬರು